ಮನ್ನೂಬಿಯಾಳ ಹೆಬ್ಬೆರಳು

ಸ್ಫಾಕ್ಸ್ ಊರಿನ ಮನ್ನೂಬಿಯಾಗೆ ಮನೆಯಲ್ಲಿ ಕಂಡ ಪ್ರತಿಯೊಂದು ಗುಣಕ್ಕೂ ವಾರಸುದಾರರನ್ನು ಗೊತ್ತುಮಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಮೊಮ್ಮಗಳ ಮೂಗು, ಮಗನ ಕಂಠ, ಕೊನೆಗೆ ಬೆಕ್ಕಿನ ಗತ್ತು ಕೂಡ "ನಮ್ಮಪ್ಪನ ಮನೆ ಕಡೇದು". ಗೊರಕೆ, ಬೋಳುತಲೆ, ಜಿಪುಣತನವೆಲ್ಲ ಗಂಡನ ಕಡೆಯವು. ಸಕ್ಕರೆ ಕಾಯಿಲೆ ಮಾತ್ರ ಎರಡೂ ಕಡೆ ಇತ್ತು. ಆದರೆ ಗಂಡನ ಕಡೆಯವರು ಸಕ್ಕರೆ ಇಟ್ಟುಕೊಂಡೇ ಹಣ್ಣು ಮುದುಕರಾದರು. ಇವಳ ತಮ್ಮಂದಿರಿಬ್ಬರಿಗೂ ಮೊದಲು ಕಾಲು ಊದಿ, ಆಮೇಲೆ ಮೂತ್ರಪಿಂಡವೇ ಹೋಯಿತು. "ಸಕ್ಕರೆ ಯಾರಿಗಾದ್ರೂ ಬರತ್ತೆ, ಕಿಡ್ನಿ ಕೆಡೋದು ಕೆಲವು ವಂಶದಲ್ಲಿ ಜಾಸ್ತಿ" ಎಂದ ಡಾಕ್ಟರಿಗೆ "ಮೊದಲು ನಿಮ್ಮ ವಂಶ ನೋಡ್ಕೊಳ್ರೀ" ಎಂದು ಬೈದು ಬಂದಿದ್ದಳು. ಅಂದಿನಿಂದ, ಸಕ್ಕರೆಯಿರುವ ಮಗ ಶಾದ್ಲಿಯ ಕಾಲಿಗೆ ದಿನವೂ ಆಲಿವ್ ಎಣ್ಣೆ ತಿಕ್ಕುತ್ತಾಳೆ. ತಿಕ್ಕುವ ನೆಪದಲ್ಲಿ ಕಣಕಾಲಿಗೆ ಹೆಬ್ಬೆರಳು ಒತ್ತಿ, ತಮ್ಮಂದಿರಿಗೆ ಬಿದ್ದಂತೆ ಗುಳಿ ಬೀಳುತ್ತದೆಯೇ ಎಂದು ನೋಡುತ್ತಾಳೆ. ಹಬ್ಬದ ಉಪ್ಪುಮೀನು ಉಂಡ ಮಧ್ಯಾಹ್ನ, ಬೆರಳು ನಾದಿದ ಹಿಟ್ಟಿನೊಳಗೆ ಇಳಿದಂತೆ ಇಳಿಯಿತು. "ಅಮ್ಮಾ, ಈ ಕಾಲು ಯಾರ ಕಡೇದು ಹೇಳು" ಎಂದು ಶಾದ್ಲಿ ನಕ್ಕ. ಮಾತೆತ್ತಿದರೆ ಬರುತ್ತಿದ್ದ ಗಂಡನ ಹೆಸರು ಬಾಯಿಗೆ ಬರಲಿಲ್ಲ. ಬೆರಳೆತ್ತಿದರೆ ಗುಳಿ ಮಗನಿಗೂ ಕಾಣುತ್ತದೆಂದು, ಹೆಬ್ಬೆರಳನ್ನು ಒತ್ತಿ ಹಿಡಿದೇ ಕೂತಳು.