ಬೇರು ಮೇಷ್ಟ್ರ ಆಮೆ

ವಿಜ್ಞಾನದ ಮೇಷ್ಟ್ರಿಗೆ ಮಕ್ಕಳಿಟ್ಟ ಹೆಸರು ಬೇರು ಮೇಷ್ಟ್ರು. ಯಾವ ಪದ ಸಿಕ್ಕರೂ ಅದರ ಬುಡ ಅಗೆಯದೆ ಬಿಡುವ ಆಸಾಮಿಯೇ ಅಲ್ಲ ಅವರು. ತರಗತಿಯಲ್ಲಿ ಸಾಕಿದ್ದ ಆಮೆ ಚಳಿಗೆ ಚಿಪ್ಪಿನೊಳಗೆ ಸೇರಿಕೊಂಡ ದಿನ, ಹಲಗೆಯ ಮೇಲೆ ದೊಡ್ಡದಾಗಿ 'ಶಿಶಿರನಿದ್ರೆ' ಎಂದು ಬರೆದರು.

"ನಾವು ನಿದ್ರೆ ಅಂತೀವಿ. ಇಂಗ್ಲಿಷಿನ ಹೈಬರ್ನೇಷನ್‌ಗೆ ಲ್ಯಾಟಿನ್ ಬೇರು. ಆ ಬೇರಲ್ಲಿ ನಿದ್ದೆ ಅನ್ನೋ ಮಾತೇ ಇಲ್ಲ ಕಣ್ರೋ! ಚಳಿಗಾಲ ಕಳೆಯೋದು, ಅಷ್ಟೇ. ಹಿಂದೆ ಸೈನಿಕರು ಚಳಿ ಮುಗಿಯೋ ತನಕ ಹೂಡ್ತಿದ್ದ ಬಿಡಾರಕ್ಕೂ ಅದೇ ಬೇರಿನ ಹೆಸರು. ಇರೋ ಬುತ್ತೀಲೇ ದಿನ ದೂಡ್ಬೇಕು. ಆಮೇನೂ ಹಾಗೇ. ನಡುವೆ ಬೆಚ್ಚಗೆ ಮಾಡಿ ಎಬ್ಬಿಸಿದ್ರೆ ಮೈಯಲ್ಲಿರೋ ಬುತ್ತಿ ಖಾಲಿಯಾಗುತ್ತೆ, ಪ್ರಾಣಾನೂ ಹೋಗುತ್ತೆ."

ರಜೆಗೆ ಆಮೆಯ ಪೆಟ್ಟಿಗೆಯನ್ನು ಅವರೇ ಮನೆಗೆ ಒಯ್ದು, ತಣ್ಣನೆಯ ಹಿಂದಿನ ಕೋಣೆಯಲ್ಲಿಟ್ಟರು. ಒಂದು ಸಂಜೆ ರಜಾಯಿಯೊಳಗೂ ತಮ್ಮ ಕಾಲು ಮರಗಟ್ಟಿದಾಗ ಆಮೆಯನ್ನು ನೆನೆದು ಕರುಳು ಚುರುಕ್ ಎಂದಿತು. ಪೆಟ್ಟಿಗೆಯನ್ನು ತಂದು ಹೀಟರ್ ಪಕ್ಕ ಇಟ್ಟರು. ಆಮೆ ಕತ್ತು ಹೊರಹಾಕಿದಾಗ ಮೇಷ್ಟ್ರು ಚಿಕ್ಕ ಮಗುವಿನ ಹಾಗೆ ಹಿಗ್ಗಿದರು.

"ಮಲಗಿದ್ದನ್ನ ಯಾಕ್ರೀ ಎಬ್ಬಿಸಿದ್ರಿ?" ಎಂದರು ಹೆಂಡತಿ. "ಮಕ್ಕಳಿಗೆ ಬೇಡ ಅಂದೋರು ನೀವೇ ಅಲ್ವಾ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!"

"ಸ್ವಲ್ಪ ಹೊತ್ತು ಕಣೇ. ನನಗೇ ಪಾಠ ಹೇಳ್ಬೇಡ."

ಸ್ವಲ್ಪ ಹೊತ್ತು ಎಂದದ್ದು ದಿನಗಟ್ಟಲೆ ಆಯಿತು. ಸೊಪ್ಪು ಇಟ್ಟರೆ ಆಮೆ ಮೂಸಿಯೂ ನೋಡಲಿಲ್ಲ. ರಜೆ ಮುಗಿಯುವ ಮೊದಲೇ ಸತ್ತಿತು. ಹಿತ್ತಲಲ್ಲಿ ಹೂತರು.

ಶಾಲೆ ಶುರುವಾದ ದಿನ ಹುಲ್ಲು ತುಂಬಿದ ಖಾಲಿ ಪೆಟ್ಟಿಗೆ ಹಿಡಿದು ಬಂದರು, ಹೇಳಿಯೇಬಿಡಬೇಕೆಂದು. ಮಕ್ಕಳು ಮುತ್ತಿಕೊಂಡು "ಎದ್ದಿದ್ಯಾ ಸಾರ್?" ಎಂದಾಗ ನಾಲಿಗೆ ಕೈಕೊಟ್ಟಿತು. "ಇನ್ನೂ ಇಲ್ಲ" ಎಂದುಬಿಟ್ಟರು.

ಸೂರು ಹಾರಿಹೋಗುವಷ್ಟು ಗಲಾಟೆ ಮಾಡುವ ತರಗತಿ ಅಂದಿನಿಂದ ಪೆಟ್ಟಿಗೆಯ ಪಕ್ಕ ತುದಿಗಾಲಲ್ಲಿ ನಡೆಯಿತು. ಸೀನಿದವನಿಗೆ ಸುತ್ತಲಿಂದ ಗದರಿಕೆ. ಮೇಷ್ಟ್ರಿಗೆ ಊಟ ಸೇರದಾಯಿತು. ಒಂದು ಬೆಳಿಗ್ಗೆ ನೋಡುತ್ತಾರೆ, ಪೆಟ್ಟಿಗೆಯ ಪಕ್ಕದ ಕಿಟಕಿ ಹಾರುಹೊಡೆದಿದೆ. ಮಕ್ಕಳು ಕೈಗಳನ್ನು ಕಂಕುಳಲ್ಲಿ ಅವಿಸಿಕೊಂಡು ಗಡಗಡ ನಡುಗುತ್ತ ಕೂತಿದ್ದಾರೆ. ಮೇಷ್ಟ್ರು ಕಿಟಕಿ ಮುಚ್ಚಲು ಹೋದರು.

"ಬೇಡ ಸಾರ್!" ಮುಂದಿನ ಬೆಂಚಿನ ಹುಡುಗಿ ಕೆಮ್ಮುತ್ತಲೇ ತಡೆದಳು. "ಬೆಚ್ಚಗಾದ್ರೆ ಅದರ ಬುತ್ತಿ ಖಾಲಿಯಾಗುತ್ತೆ. ನಮಗೇನು, ಸ್ವೆಟರ್ ಇದೆ."

ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಮೇಷ್ಟ್ರಿಗೆ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಕಿಟಕಿ ಮುಚ್ಚಿ, ಪೆಟ್ಟಿಗೆಯ ಮುಚ್ಚಳ ತೆಗೆದು, ಹುಲ್ಲನ್ನೆಲ್ಲ ಮೇಜಿನ ಮೇಲೆ ಸುರಿದರು.

"ಆಮೆ ಸತ್ತುಹೋಯ್ತು. ರಜೇಲಿ ನಾನೇ ಹೀಟರ್ ಹತ್ತಿರ ಇಟ್ಟೆ. ಇಷ್ಟು ದಿನ ನಿಮಗೆ ಸುಳ್ಳು ಹೇಳಿದೆ."

ಮುಂದಿನ ಬೆಂಚಿನ ಹುಡುಗಿ ಎದ್ದು ಬಂದು, ಅವರ ಮುಖ ನೋಡಿ ಮೆಲ್ಲಗೆ ಕೇಳಿದಳು, "ಪಾಠ ಮರ್ತುಹೋಗಿತ್ತಾ ಸಾರ್?"

"ಇಲ್ಲಮ್ಮ," ಎಂದರು ಮೇಷ್ಟ್ರು. "ಚೆನ್ನಾಗೇ ನೆನಪಿತ್ತು."