ಫೋಟೋದ ಅಂಚಿನಲ್ಲಿದ್ದವಳು

ನಮ್ಮ ಚಿಕ್ಕಮ್ಮನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಅಮ್ಮ ಬೈಯುತ್ತಿದ್ದಳು. ಕೊನೆಗೆ ಆ ಬಾಯಿಯೇ ಅವಳಿಗೆ ಅನ್ನ ಕೊಟ್ಟಿತು. ಬೇರೆಯವರ ಹಕ್ಕಿಗಾಗಿ ಹೋರಾಡಿ ಜೈಲು ಸೇರಿದವರ ಪರವಾಗಿ ದೇಶದೇಶಗಳ ಸಭೆಗಳಲ್ಲಿ ವಾದಿಸುವುದು ಅವಳ ಕೆಲಸ. ಸೆರೆಯಾದವರ ಹೆಸರನ್ನು ಹತ್ತು ದೇಶದವರ ಎದುರು ಹೇಳಿಬಿಟ್ಟರೆ ಅವರ ಮೈಮೇಲೆ ಕೈಮಾಡಲು ಪೊಲೀಸರು ಹಿಂದೆಮುಂದೆ ನೋಡುತ್ತಾರೆ, ಇಷ್ಟೇ ಅದರ ಗುಟ್ಟು. ಹೇಳುವ ಮೊದಲು ಮನೆಯವರ ಒಪ್ಪಿಗೆ ಬೇಕು. ಚಿಕ್ಕಮ್ಮ ಆ ನಿಯಮವನ್ನು ಎಂದೂ ಮುರಿದವಳಲ್ಲ. ಮುರಿದಿಲ್ಲ ಎಂಬ ಜಂಬವೂ ಸ್ವಲ್ಪ ಇತ್ತು, ಯಾಕೆ ಸುಳ್ಳು ಹೇಳಲಿ.

ಒಬ್ಬ ಲಾರಿ ಡ್ರೈವರ್ ಇದ್ದ. ಕಾರ್ಖಾನೆಯ ವಿಷದ ನೀರನ್ನು ಕದ್ದುಮುಚ್ಚಿ ಕೆರೆಗೆ ಸುರಿಯಲು ಒಲ್ಲೆ ಎಂದ, ಉಳಿದ ಡ್ರೈವರುಗಳನ್ನೂ ಒಟ್ಟು ಮಾಡಿದ. ಪೊಲೀಸರು ಅವನನ್ನು ಹಿಡಿದೊಯ್ದರು. ಹೆಂಡತಿ ಒಪ್ಪಿಗೆ ಕೊಟ್ಟು, ಮನೆಯ ಮೆಟ್ಟಿಲ ಮೇಲೆ ತೆಗೆದಿದ್ದ ಅವನ ಫೋಟೋವನ್ನೂ ಕೊಟ್ಟಳು. ಸಭೆಯಲ್ಲಿ ಅದು ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಚಿಕ್ಕಮ್ಮ ಮಾತು ಮುಗಿಸಿದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸ್ವಲ್ಪ ದಿನದಲ್ಲೇ ಡ್ರೈವರನ್ನು ಬಿಟ್ಟರು. ಆಗ ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಫೋಟೋದ ಅಂಚಿನಲ್ಲಿ ಇನ್ನೊಂದು ಅರ್ಧ ಮುಖವಿತ್ತು. ಅದನ್ನು ಕತ್ತರಿಸಬೇಕೆಂದು ಚಿಕ್ಕಮ್ಮನಿಗೆ ಹೊಳೆಯಲೇ ಇಲ್ಲ. ಅದು ಅದೇ ಕಾರ್ಖಾನೆಯಲ್ಲಿ ನೀರು ಪರೀಕ್ಷೆ ಮಾಡುತ್ತಿದ್ದ ಹೆಂಗಸಿನದು. ನೀರಿನಲ್ಲಿ ಏನಿದೆ ಎಂದು ಡ್ರೈವರಿಗೆ ಗುಟ್ಟಾಗಿ ತಿಳಿಸಿದವಳು ಅವಳೇ. ಇಬ್ಬರಿಗೂ ಪರಿಚಯವಿದೆಯೆಂದು ಮಾಲೀಕರಿಗೆ ಗೊತ್ತಿರಲಿಲ್ಲ, ಸಭೆಯ ಫೋಟೋ ಪತ್ರಿಕೆಗಳಲ್ಲಿ ಬಂದು ಈಗ ಗೊತ್ತಾಯಿತು. ಮೊದಲು ಕೆಲಸ ಹೋಯಿತು. ಆಮೇಲೆ ಅವಳ ಬಾಡಿಗೆ ಮನೆಗೆ ಕಲ್ಲು ಬಿತ್ತು.

ಸುದ್ದಿ ಕೇಳಿ ಚಿಕ್ಕಮ್ಮ ತಟ್ಟೆಯ ಮುಂದಿನಿಂದ ಹಾಗೇ ಎದ್ದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎಂದಳು. ನಾನಾದರೂ ಸುಮ್ಮನಿರಬಾರದಿತ್ತೇ? ಊರಿನವರನ್ನೆಲ್ಲ ಒಪ್ಪಿಗೆ ಕೇಳುವವಳು ಇವಳೊಬ್ಬಳನ್ನು ಕೇಳಲಿಲ್ಲವಲ್ಲ ಎಂದುಬಿಟ್ಟೆ. ಅವಳು ತಿರುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕ್ಷಮೆ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಆ ಹೆಂಗಸು ಅಕ್ಕನ ಮನೆಯ ಹಿಂದಿನ ಕೋಣೆ ಸೇರಿದ್ದಳು. ಅಲ್ಲೂ ಕಿಟಕಿಯ ಗಾಜು ಒಡೆದು, ರಟ್ಟು ಅಂಟಿಸಿತ್ತು. ಚಿಕ್ಕಮ್ಮ ತಲೆ ಎತ್ತಲಿಲ್ಲ. ತಪ್ಪಾಯಿತು, ನಿಮ್ಮ ಸುದ್ದಿ ಇನ್ನೆಲ್ಲೂ ಬಾರದ ಹಾಗೆ ನೋಡಿಕೊಳ್ಳುತ್ತೇನೆ, ಈ ಕೆಲಸವನ್ನೇ ಬಿಡುತ್ತೇನೆ ಎಂದು ತೊದಲಿದಳು.

"ನೀವು ಬಿಟ್ರೆ ನನಗೇನು ಬಂತು ಮೇಡಂ?" ಎಂದಳು ಆಕೆ. "ನನ್ನ ಅರ್ಧ ಮುಖ ತೋರಿಸಿದ್ರಿ. ಕಲ್ಲು ಹೊಡೆಯೋರಿಗೆ ಅಷ್ಟು ಸಾಕಾಯ್ತು. ನಾಳೆ ನಾನು ಕಾಣೆಯಾದ್ರೆ ಹುಡುಕೋರಿಗೆ ಅಷ್ಟು ಸಾಕಾಗಲ್ಲ. ಈಗ ಹೆಸರೂ ಹೇಳಿ. ಒಪ್ಪಿಗೆ ನಾನೇ ಕೊಡ್ತಿದ್ದೀನಿ."

ಮುಂದಿನ ಸಭೆಯಲ್ಲಿ ಚಿಕ್ಕಮ್ಮ ಅದೇ ಫೋಟೋ ತೋರಿಸಿದಳು. ಈ ಹೆಂಗಸನ್ನು ಅಪಾಯಕ್ಕೆ ನೂಕಿದವಳು ನಾನೇ ಎಂದು ಮೊದಲು ಹೇಳಿದಳು, ಆಮೇಲೆ ಹೆಸರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಲ್ಲು ಬೀಳುವುದು ನಿಂತಿತು. ಆಕೆ ರಟ್ಟು ಕಿತ್ತು ಗಾಜು ಹಾಕಿಸಿದಳಂತೆ.

ಈಗ ಮನೆಯಲ್ಲಿ ಯಾರು ಫೋಟೋ ತೆಗೆದರೂ ಚಿಕ್ಕಮ್ಮ ಅಂಚಿಗೆ ಹೋಗಿ ನಿಲ್ಲುತ್ತಾಳೆ. ನಡುವೆ ಬಾ ಎಂದು ಕರೆದರೆ ಬರುವುದಿಲ್ಲ.