ಹೆಸರು ಬರೆಸಿದ ಆಯಮ್ಮ

ಯಾರನ್ನೇ ಮುಟ್ಟುವ ಮುಂಚೆ ಆಯಮ್ಮ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದರು. ದಿನವಿಡೀ ಫಿನಾಯಿಲು, ಸೋಪಿನ ನೀರಲ್ಲಿ ನೆಂದು ಬಿರಿದಿದ್ದ ಕೈ. ಉಜ್ಜಿದರೆ ಒಣ ಚರ್ಮದ ಸದ್ದು ಪಕ್ಕದ ಮಂಚಕ್ಕೂ ಕೇಳುತ್ತಿತ್ತು. ಆ ಸದ್ದಿಗೇ ಕಣ್ಣು ಕಾಣದ ಅಜ್ಜಿಯೊಬ್ಬರು ತಾವಾಗಿಯೇ ಮಗ್ಗುಲಾಗುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದೆ. ತಣ್ಣನೆ ಕೈ ಬಿದ್ದರೆ ವಯಸ್ಸಾದವರು ಬೆಚ್ಚಿ ಮೈ ಬಿಗಿ ಹಿಡಿಯುತ್ತಾರೆ, ಆಗ ಹೊರಳಿಸಿದರೆ ಅವರಿಗೂ ನೋವು, ನಮಗೂ ನೋವು ಎಂದರು. ಎಂ.ಎಸ್.ಡಬ್ಲ್ಯು. ಓದಿದ್ದ ನನಗೆ ಇದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ.

ನಾನು ಮಳವಳ್ಳಿಯವಳು. ಆಗ ಕಾಲೇಜೊಂದರ ಅಧ್ಯಯನಕ್ಕೆ ಸೇರಿದ್ದೆ. ಮಂಡ್ಯ, ಮದ್ದೂರು, ಮಳವಳ್ಳಿಯ ವೃದ್ಧರ ಆರೈಕೆ ಮನೆಗಳಲ್ಲಿ ಆಯಾಗಳ ಕೆಲಸದ ವಾತಾವರಣ ಹೇಗಿದೆ ಎಂದು ಅಳೆಯುವುದು ನಮ್ಮ ಕೆಲಸ. ಪ್ರಶ್ನೆ ಓದಬೇಕು, ಅವರು ಹೇಳಿದ್ದಕ್ಕೆ ಒಂದರಿಂದ ಐದರೊಳಗೆ ಅಂಕಿ ಹಾಕಬೇಕು; ಒಂದು ಎಂದರೆ ತೀರ ಕಳಪೆ, ಐದು ಎಂದರೆ ಬಹಳ ಚೆನ್ನ. ಬೆಳಿಗ್ಗೆ ಪ್ರೈವೇಟ್ ಬಸ್ಸು ಹತ್ತಿ ಮಂಡ್ಯದ ಗುತ್ತಲಿನಲ್ಲಿ ಆಯಮ್ಮ ಕೆಲಸ ಮಾಡುತ್ತಿದ್ದ ಆರೈಕೆ ಮನೆಗೆ ಹೋದರೆ, ಅಲ್ಲಿನ ಮ್ಯಾನೇಜರು ಆಯಾಗಳನ್ನು ಸಾಲಾಗಿ ನಿಲ್ಲಿಸಿ, ಮೇಡಮ್ಮು ಏನು ಕೇಳಿದರೂ ಚೆನ್ನಾಗಿದೆ ಅನ್ನಿ ಎಂದು ನನ್ನೆದುರೇ ಹೇಳಿದ. ನಾಚಿಕೆ ಬೇಡವೇ ಮನುಷ್ಯನಿಗೆ? ಕೂತವರೆಲ್ಲ ಚೆನ್ನಾಗಿದೆ ಅಂದರು. ನಾನೂ ಹಾಗೇ ಐದು ಬರೆದೆ.

ಆಯಮ್ಮನ ಸರದಿ ಬರಲು ಮೂರು ದಿನವಾಯಿತು. ಕೂರಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಮದ್ದೂರಿನ ಹತ್ತಿರದ ಹಳ್ಳಿಯವರು, ಐವತ್ತು ದಾಟಿದವರು, ಬಾಯಿ ಬಿರುಸು. ಊಟ ಬೇಡವೆಂದವರನ್ನು ಗದರುತ್ತಲೇ ಸೆರಗಿನಿಂದ ಅವರ ಬಾಯಿ ಒರೆಸುತ್ತಿದ್ದರು. ಯಾರಿಗೆ ಮುದ್ದೆಯನ್ನು ಸಾರಿನಲ್ಲಿ ಕರಗಿಸಬೇಕು, ಯಾರಿಗೆ ಅನ್ನವನ್ನು ಮಜ್ಜಿಗೆಯಲ್ಲಿ ಕಿವುಚಬೇಕು, ಎಲ್ಲ ಗೊತ್ತು. ಹನ್ನೊಂದು ಜನರಿಗೆ ಒಬ್ಬರೇ ತುತ್ತು ಕೊಡಬೇಕಿತ್ತು.

ಆ ಹನ್ನೊಂದರಲ್ಲಿ ಮಳವಳ್ಳಿ ಕಡೆಯ ಬ್ಲಫ್ ಎಂಬ ಊರಿನ ಯಜಮಾನರೊಬ್ಬರು. ಪವರ್‌ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಲಕ್ವ ಹೊಡೆದು ಎಡಭಾಗವೂ ಮಾತೂ ಹೋಗಿದ್ದವು. ನಾಲ್ಕು ದಿನದಿಂದ ಸರಿಯಾಗಿ ತಿನ್ನುತ್ತಿರಲಿಲ್ಲ. ಅವರ ಬಗ್ಗೆ ತೀರ್ಮಾನ ಮಾಡಲು ಡಾಕ್ಟರು, ಮ್ಯಾನೇಜರು, ಹೆಡ್ ಸಿಸ್ಟರು ಕೂತಾಗ ಮೂಲೆಯಲ್ಲಿ ನಾನೂ ಇದ್ದೆ. ಆಯಮ್ಮ ಟೀ ತಂದರು. ಮೂಗಿನಿಂದ ನಳಿಗೆ ಹಾಕಿಬಿಡೋಣ ಎಂದು ಡಾಕ್ಟರು ಬರೆಯುತ್ತಿದ್ದಾಗ, ಆಯಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಹೇಳಿದರು:

“ನಳಿಗೆ ಬ್ಯಾಡಿ ಸಾ. ಕೂರ್ಸಿ ಬಲಗಡೆಯಿಂದ ನಿಧಾನಕ್ಕೆ ಕೊಟ್ರೆ ತಿಂತಾರೆ, ನಾನ್ ತಿನ್ಸಿ ನೋಡಿವ್ನಿ. ಒತ್ತಿಗೆ ಅರ್ಧ ಗಂಟೆ ಬೇಕು, ಅಷ್ಟೇಯ. ಇನ್ನೊಬ್ರನ್ನ ಜೊತೆಗೆ ಕೊಡಿ, ಸಾಕು.”

ಟೀ ಕೊಟ್ಟಾಯಿತಲ್ಲ, ಹೋಗು ಎಂದ ಮ್ಯಾನೇಜರು. ಡಾಕ್ಟರು ತಲೆ ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಆ ಪಾಪ ನನ್ನದು. ಸಂಜೆಗೆ ನಳಿಗೆ ಹಾಕಿದರು. ಯಜಮಾನರು ಕಿತ್ತು ಹಾಕಲು ನೋಡಿದ್ದಕ್ಕೆ, ಅವರಿಗಿದ್ದ ಒಂದೇ ಒಂದು ಆಡುವ ಕೈಯನ್ನೂ ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಹೊತ್ತಿಗೆ ಅರ್ಧ ಗಂಟೆ ಉಳಿಸಲು ಮನುಷ್ಯನ ಕೈ ಕಟ್ಟಿದರು! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಆಯಮ್ಮ ತಾವಾಗಿಯೇ ಬಂದು ನನ್ನೆದುರು ಕೂತರು. ನಿವಾಸಿಗಳ ಆರೈಕೆಯ ಬಗ್ಗೆ ತೀರ್ಮಾನಿಸುವ ಸಭೆಗೆ ನಿಮ್ಮನ್ನು ಕರೆಯುತ್ತಾರೆಯೇ ಎಂದು ಓದಿದೆ.

“ಕರೀತಾರೆ ಕಣವ್ವ. ಟೀ ಕೊಡಾಕೆ.”

ಅದಕ್ಕೆ ನನ್ನ ಹಾಳೆಯಲ್ಲಿ ಅಂಕಿ ಇರಲಿಲ್ಲ. ಒಂದು ಎಂದು ಹಾಕಿದೆ. ಯಜಮಾನರ ಅರ್ಧ ಗಂಟೆಯ ವಿಷಯ ಪೂರ್ತಿ ಬರೆಯುವಂತೆ ಹೇಳಿದರು, ಅಂಚಿನಲ್ಲಿ ಒತ್ತೊತ್ತಾಗಿ ಬರೆದೆ. ಕೊನೆಗೆ ಹೆಸರು ಬರೆದುಕೋ ಎಂದರು. ಹೆಸರು ಬೇಡ, ಇದ್ದರೆ ನಿಮಗೇ ತೊಂದರೆ ಎಂದೆ. ಅವರಿಗೆ ಸಿಟ್ಟು ಬಂತು.

“ಯೆಸ್ರಿಲ್ದೆ ಯೋಳುದ್ರೆ ಚಾಡಿ ಆಯ್ತದೆ. ನಾನ್ಯಾಕ್ ಚಾಡಿ ಯೋಳ್ಲಿ? ಬರ್ಕೊ ನನ್ ಯೆಸ್ರ. ಊರ್ನೂ ಬರ್ಕೊ.”

ಬರೆದೆ. ಅವರಿಗೆ ಬರುತ್ತಿದ್ದದ್ದು ಸಹಿಯೊಂದೇ. ಅದನ್ನೂ ಒತ್ತಿ ಹಾಕಿ ಎದ್ದುಹೋದರು.

ಕಾಲೇಜಿನಲ್ಲಿ ನಮ್ಮ ಪ್ರೊಫೆಸರು ಆ ಹಾಳೆಯನ್ನು ಪಕ್ಕಕ್ಕಿಟ್ಟರು. ಹೆಸರಿರುವ ಹಾಳೆ ನಿಯಮದ ಪ್ರಕಾರ ನಡೆಯುವುದಿಲ್ಲವಂತೆ. ಆಯಾಗಳಿಗೆ ತೊಂದರೆಯಾಗದಿರಲಿ ಎಂದೇ ಆ ನಿಯಮ, ಅದು ನನಗೂ ಗೊತ್ತು. ಹೆಸರು ಹೊಡೆದುಹಾಕಿ ಮಾತನ್ನಾದರೂ ಉಳಿಸಿಕೊಳ್ಳಿ ಎಂದೆ. ಅಂಚಿನ ಮಾತು ಕಂಪ್ಯೂಟರಿಗೆ ಹೋಗುವುದಿಲ್ಲ ಎಂದರು. ಹೇಳಿಕೊಟ್ಟು ಹೇಳಿಸಿದ ಐದುಗಳೆಲ್ಲ ಉಳಿದವು, ನಿಜ ಹೇಳಿದ ಒಂದು ಹಾಳೆ ಹೊರಗೆ ಬಿತ್ತು. ಅಲ್ಲಿನ ಕೆಲಸದ ವಾತಾವರಣ ಉತ್ತಮ ಎಂದು ವರದಿಯಾಯಿತು. ಮ್ಯಾನೇಜರು ಅದಕ್ಕೆ ಕಟ್ಟು ಹಾಕಿಸಿ ಬಾಗಿಲ ಬಳಿ ದೇವರ ಪಟದ ಪಕ್ಕ ನೇತುಹಾಕಿದ. ಥೂ!

ಯಜಮಾನರು ಮತ್ತೆ ಬಾಯಲ್ಲಿ ಒಂದು ತುತ್ತು ತಿನ್ನಲಿಲ್ಲ. ಎರಡು ತಿಂಗಳಿಗೆ, ನಳಿಗೆ ಇದ್ದಂತೆಯೇ ತೀರಿಕೊಂಡರು. ಸಭೆಯಲ್ಲಿ ಬಾಯಿ ಹಾಕಿದ್ದಕ್ಕೆ ಆಯಮ್ಮನನ್ನು ಬಟ್ಟೆ ಒಗೆಯಲು ಹಾಕಿದರು. ಅಷ್ಟು ಜನರ ಮೈ ತಿಳಿದಿದ್ದ ಕೈ ಆಮೇಲೆ ಹಾಸಿಗೆ ಬಟ್ಟೆ ಹಿಂಡುತ್ತ ಸವೆಯಿತು. ಹೋದ ವರ್ಷ ಅವರೂ ಹೋದರು. ಮಣ್ಣಿಗೆ ಹೋಗಿದ್ದೆ. ಆ ಮನೆಯ ಕಡೆಯಿಂದ ಒಂದು ಹೂವಿನ ಹಾರವೂ ಬಂದಿರಲಿಲ್ಲ.

ಈಗ ನಾನು ಆಯಾಗಳಿಗೆ ತರಬೇತಿ ಕೊಡುತ್ತೇನೆ. ಮೊದಲ ಪಾಠ ಅಂಗೈ ಉಜ್ಜಿಕೊಳ್ಳುವುದು. ಇದನ್ನು ಯಾರು ಹೇಳಿಕೊಟ್ಟರು ಮೇಡಂ ಎಂದು ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಒಬ್ಬ ಆಯಮ್ಮ ಎನ್ನುತ್ತೇನೆ, ಹೆಸರು ಹೇಳುವುದಿಲ್ಲ. ಅವರ ಮಗಳು ಈಗ ಅದೇ ಮನೆಯಲ್ಲಿ ಆಯಾ, ಮ್ಯಾನೇಜರೂ ಅವನೇ. ಹೆಸರು ಹೊರಬಿದ್ದರೆ ಅವಳ ಕೆಲಸ ಹೋಗುತ್ತದೆ. ಅದಕ್ಕೇ ಇಲ್ಲಿಯೂ ಬರೆಯಲಿಲ್ಲ. ಆ ಹಾಳೆ ಮಾತ್ರ ಸಹಿಯ ಸಮೇತ ನನ್ನ ಬೀರುವಿನಲ್ಲಿದೆ. ಆಯಮ್ಮ ಬದುಕಿದ್ದು ಈ ಬರಹವನ್ನು ಯಾರಿಂದಲಾದರೂ ಓದಿಸಿಕೊಂಡಿದ್ದರೆ, ಹೆಸರಿಲ್ಲದ್ದನ್ನು ಕೇಳಿ, ನೀನೂ ಚಾಡಿ ಹೇಳಲು ಕಲಿತೆಯಾ ಎಂದು ನನಗೇ ಬೈಯುತ್ತಿದ್ದರು.